ನಡುನೀರಿನಲ್ಲಿ ನಿಲ್ಲುವ ಮೋಟಾರು

ಕಮಲಾಪುರದ ಹೆಸರೆತ್ತಿದರೆ ಕೆಂಬಾಳೆಯ ನೆನಪು ಬರುವದೇ ಹೊರತು ದೋಣಿಯ ನೆನಪು ಯಾರಿಗೂ ಬರುವದಿಲ್ಲ. ಕಲಬುರಗಿಯಿಂದ ಹುಮನಾಬಾದಕ್ಕೆ ಹೋಗುವ ದಾರಿಯ ಮೇಲಿನ ಈ ಸೀಮೆ ತೊಗರಿ-ಜೋಳಗಳದು. ಇಲ್ಲಿಯ ರೈತನು ವರುಷದ ಬಹುಭಾಗ ನೀರಿಲ್ಲವೆಂದು ಕೊರಗುವವನು. ಹೀಗಿರಲು ದೋಣಿಯ ಮೋಟಾರಿನ ರೋಗಪರೀಕ್ಷೆಗೆ ಈ ಪುಟದಲ್ಲಿ ಸ್ಥಳ ಕೊಟ್ಟದ್ದನ್ನು ಕಂಡು ಕೆಲವರು ವಾಚಕ ಮಹಾಶಯರು ನಕ್ಕಾರು. ಆದರೆ ಕುರಿಕೋಟಾದ ಸೇತುವೆಯ ಮೇಲೆ ನಿಂತು ಮಳೆಗಾಲದ ಬೆಣ್ಣೆತೊರೆಯನ್ನು ನೋಡಿದವರು ನಗಲಾರರು. ಬೆಣ್ಣೆತೊರೆಯು ಕಾಗಿಣೆಯನ್ನು ಕೂಡುವದು, ಕಾಗಿಣೆಯು ಭೀಮೆಯನ್ನು ಕೂಡುವದು. ಈ ಮೂರೂ ಒಂದೇ ವಾರದಲ್ಲಿ ಉಕ್ಕಿದರೆ ಜಿಲ್ಲೆಯ ಗತಿ ಏನಾಗುವದೆಂಬದನ್ನು ೨೦೨೦ನೆಯ ಇಸವಿಯ ಅಕ್ಟೋಬರ ತಿಂಗಳಲ್ಲಿ ನಾವೆಲ್ಲರೂ ಕಂಡೆವು. ಇಲ್ಲಿಯ ಮಳೆಯೂ ಮೇಲ್ದಂಡೆಯ ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರೂ ಜೊತೆಗೂಡಿ ಬಂದು, ಅಫಜಲಪುರ, ಜೇವರ್ಗಿ, ಚಿತ್ತಾಪುರ, ಶಹಾಬಾದ ತಾಲೂಕುಗಳ ನದಿದಂಡೆಯ ಹಳ್ಳಿಗಳನ್ನು ಮುತ್ತಿದವು. ಸೇನೆಯನ್ನೂ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯನ್ನೂ ಕರೆಯಿಸಬೇಕಾಯಿತು. ನೀರು ಸುತ್ತುಗಟ್ಟಿದ ಜನರನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ದೋಣಿಯನ್ನೇ ಕಾಣದ ಸೀಮೆಗೆ ದೋಣಿಯು ಬೇಕಾಗುವ ದಿನಗಳು ಕೆಲವೇ. ಆ ದಿನಗಳಲ್ಲಿ ಮಾತ್ರ ಬೇರೆ ಯಾವದೂ ಅದರ ಸ್ಥಾನಕ್ಕೆ ಬಾರದು.

ಇಂಥ ದೋಣಿಯ ಬಲವೆಲ್ಲ ಅದರ ಹಿಂಬದಿಯ ಹಲಗೆಗೆ ಬಿಗಿದ ಮೋಟಾರಿನಲ್ಲಿದೆ. ಔಟ್‌ಬೋರ್ಡ್ ಮೋಟಾರೆಂದು ಇದರ ಹೆಸರು. ೧೯೦೯ರಲ್ಲಿ ಅಮೇರಿಕೆಯ ಮಿಲ್ವಾಕಿಯಲ್ಲಿ ಓಲೆ ಎವಿನ್‌ರೂಡ್ ಎಂಬ ನಾರ್ವೇ ಮೂಲದ ಯಂತ್ರಜ್ಞನು ಇದನ್ನು ಮಾರಾಟಕ್ಕೆ ತಂದ ಮೇಲೆ ಇದು ಲೋಕದ ನೀರುಗಳನ್ನೆಲ್ಲ ವ್ಯಾಪಿಸಿತು. ಮೇಲೆ ಎಂಜಿನು, ನಡುವೆ ಉದ್ದನ್ನ ಕಾಲು, ಕೆಳಗೆ ನೀರಿನಲ್ಲಿ ತಿರುಗುವ ಪಂಕ. ಇಡೀ ಯಂತ್ರವನ್ನು ಇಬ್ಬರು ಮೂವರು ಎತ್ತಿ ಲಾರಿಗೆ ಹಾಕಬಹುದು. ಈ ಸೌಕರ್ಯದಿಂದಲೇ ಪ್ರವಾಹದ ಕೆಲಸಕ್ಕೆ ಇದನ್ನು ಮೀರಿಸಿದ್ದು ಇನ್ನೊಂದಿಲ್ಲ.

ಈಗ ಮುಖ್ಯ ಮಾತಿಗೆ ಬರುವೆವು. ಪೂರ್ತಿ ಕೆಟ್ಟುಹೋದ ಮೋಟಾರಿನಿಂದ ಯಾರ ಜೀವಕ್ಕೂ ಅಪಾಯವಿಲ್ಲ. ಅದು ದಂಡೆಯನ್ನು ಬಿಟ್ಟು ಹೊರಡುವದೇ ಇಲ್ಲ. ಅಪಾಯವಿರುವದು ಒಮ್ಮೆ ನಡೆದು ಒಮ್ಮೆ ನಿಲ್ಲುವ ಮೋಟಾರಿನಿಂದ. ಅದು ದಂಡೆಯಲ್ಲಿ ಸರಾಗವಾಗಿ ಹೊತ್ತಿಕೊಳ್ಳುವದು, ಎಲ್ಲರ ನಂಬಿಕೆಯನ್ನು ಗಳಿಸುವದು, ಎಂಟು ಹತ್ತು ಜನರನ್ನು ಹೇರಿಕೊಂಡು ಸೆಳವಿನ ನಡುವೆ ಹೋಗುವದು, ಅಲ್ಲಿ ಕೈಕೊಡುವದು. ಸೆಳವಿನಲ್ಲಿ ಮೋಟಾರು ನಿಂತ ದೋಣಿಗೆ ಚುಕ್ಕಾಣಿಯೂ ಇಲ್ಲ. ಸೇತುವೆಯ ಕಂಬವೋ ಮುಳುಗಿದ ಜಾಲಿಯ ಮರವೋ ಎಲ್ಲಿ ಎಳೆದರೆ ಅಲ್ಲಿಗೆ ಹೋಗಬೇಕು. ಮತ್ತೆ ದಂಡೆಗೆ ತಂದು ಹಗ್ಗ ಎಳೆದರೆ ಮೊದಲನೆಯ ಎಳೆತಕ್ಕೇ ಗುರುಗುಟ್ಟುವದು. ಆಗ ಕಡತದಲ್ಲಿ ‘ಮೋಟಾರು ಚಾಲೂ ಸ್ಥಿತಿಯಲ್ಲಿದೆ’ ಎಂಬ ಷರಾ ಬೀಳುವದು. ಈ ಷರಾವನ್ನೇ ನಾವು ಇಂದು ಪ್ರಶ್ನಿಸುವದು.

ನಮ್ಮ ಕರಾವಳಿಯಲ್ಲಿ ಈ ಮಾತು ಹೊಸದಲ್ಲ. ಮಲ್ಪೆ, ಗಂಗೊಳ್ಳಿ, ಭಟ್ಕಳಗಳ ನಾಡದೋಣಿಯವರು ಪೆಟ್ರೋಲಿನಿಂದ ಮೋಟಾರು ಹೊತ್ತಿಸಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ ಕಡಲಿಗೆ ಹೋಗುವವರು. ಅಂಥವರ ಮುಂದೆ ‘ಮೋಟಾರು ನಿಂತಿತು’ ಎಂದಷ್ಟೇ ಹೇಳಿದರೆ ಸಾಲದು. ಹೇಗೆ ನಿಂತಿತು? ದೀಪವನ್ನು ಊದಿದ ಹಾಗೆ ಥಟ್ಟನೆ ನಿಂತಿತೋ, ಎಣ್ಣೆ ತೀರಿದ ದೀಪದ ಹಾಗೆ ಒಮ್ಮೆ ಏರಿ ಒಮ್ಮೆ ಇಳಿದು ನಿಂತಿತೋ? ಎಷ್ಟು ಹೊತ್ತು ನಡೆದ ಮೇಲೆ? ಪೂರ್ಣವೇಗದಲ್ಲೋ ನಿಧಾನಗತಿಯಲ್ಲೋ? ಕೂಡಲೆ ಮತ್ತೆ ಹೊತ್ತಿತೋ, ಹತ್ತು ನಿಮಿಷ ಬಿಟ್ಟ ಮೇಲೆ ಹೊತ್ತಿತೋ? ಬಲ್ಲ ವೈದ್ಯನು ನಾಡಿ ಹಿಡಿಯುವ ಮುಂಚೆ ಜ್ವರವು ಯಾವ ಹೊತ್ತಿಗೆ ಏರುವದೆಂದು ಕೇಳುವ ಹಾಗೆ ಇದು. ಈ ನಾಲ್ಕು ಪ್ರಶ್ನೆಗಳಿಗೆ ಉತ್ತರವಿದ್ದರೆ ಅರ್ಧ ದುರಸ್ತಿ ಆದಂತೆ. ಉತ್ತರವಿಲ್ಲದೆ ಕೈಗೆ ಪಾನಾ ತೆಗೆದುಕೊಂಡವನು ಒಳ್ಳೆಯ ಬಿಡಿಭಾಗಗಳನ್ನು ಬದಲಿಸುತ್ತ ಹೋಗುವನು. ರೋಗವು ಇದ್ದಲ್ಲಿಯೇ ಇರುವದು.

ಏರಿಳಿಯುತ್ತ ನಿಲ್ಲುವ ಮೋಟಾರಿನಲ್ಲಿ ಮೊದಲು ಸಂಶಯಪಡತಕ್ಕದ್ದು ಇಂಧನವನ್ನು. ಇಂಥ ಮೋಟಾರಿಗೆ ಪೆಟ್ರೋಲು ಬರುವದು ದೋಣಿಯೊಳಗೆ ಇಟ್ಟ ಬಿಡಿ ಟಾಕಿಯಿಂದ, ರಬ್ಬರಿನ ನಳಿಗೆಯ ಮೂಲಕ. ನಳಿಗೆಯ ನಡುವೆ ಕೈಯಿಂದ ಹಿಚುಕುವ ರಬ್ಬರಿನ ಬಲ್ಬು ಒಂದಿರುವದು. ಹೊತ್ತಿಸುವ ಮುಂಚೆ ಅದನ್ನು ಗಟ್ಟಿಯಾಗುವವರೆಗೆ ಹಿಚುಕಿ ಕಾರ್ಬುರೇಟರಿಗೆ ಪೆಟ್ರೋಲು ತುಂಬುವದು ರೂಢಿ. ಟಾಕಿಯ ಮುಚ್ಚಳದ ಮೇಲೆ ಗಾಳಿಯಾಡುವ ಸಣ್ಣ ತಿರುಪು ಇರುವದು. ಕಾಯಿಪಲ್ಯದ ಅಂಗಡಿಯವನೂ ತಿರುಗಿಸಬಲ್ಲ ಈ ತಿರುಪಿನಿಂದ ಆದಷ್ಟು ತೊಂದರೆ ಇಡೀ ಯಂತ್ರದಲ್ಲಿ ಬೇರೆ ಯಾವದರಿಂದಲೂ ಆಗಿರಲಿಕ್ಕಿಲ್ಲ.

ಅದು ಹೀಗೆ. ಎಣ್ಣೆಯ ಡಬ್ಬಿಯನ್ನು ಒಡೆಯುವಾಗ ಒಂದು ಮೂಲೆಗೆ ತೂತು ಹಾಕಿ ಎದುರು ಮೂಲೆಗೆ ಇನ್ನೊಂದು ತೂತು ಹಾಕಬೇಕೆಂಬದು ನಮ್ಮ ಮನೆಗಳ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಗಾಳಿ ಒಳಗೆ ಹೋಗದೆ ಎಣ್ಣೆ ಹೊರಗೆ ಬಾರದು. ಲಾರಿಯಲ್ಲಿ ಸಾಗಿಸುವಾಗ ಪೆಟ್ರೋಲು ತುಳುಕಬಾರದೆಂದು ಟಾಕಿಯ ತಿರುಪನ್ನು ಬಿಗಿಯುವರು. ಇದು ಸರಿಯೇ. ದಂಡೆಯಲ್ಲಿ ಇಳಿಸುವ ಗದ್ದಲದಲ್ಲಿ ಅದನ್ನು ಸಡಿಲಿಸಲು ಮರೆಯುವರು. ಮೋಟಾರು ಹೊತ್ತುವದು, ನಡೆಯುವದು. ಪೆಟ್ರೋಲು ಹೋದಷ್ಟೂ ಟಾಕಿಯೊಳಗೆ ಗಾಳಿಯ ಒತ್ತಡ ಕುಗ್ಗುವದು. ಕೆಲ ನಿಮಿಷಗಳಲ್ಲಿ ಆ ಎಳೆತಕ್ಕೆ ಎದುರಾಗಿ ಎಳೆಯಲು ಮೋಟಾರಿನ ಸಣ್ಣ ಪಂಪಿಗೆ ಬಲ ಸಾಲದು. ಬಲ್ಬು ಒಳಗೆ ಚಪ್ಪಟೆಯಾಗುವದು, ಮೋಟಾರು ಏದುತ್ತ ನಿಲ್ಲುವದು. ಇಲ್ಲಿ ವಿಚಿತ್ರವೊಂದಿದೆ: ಟಾಕಿ ತುಂಬಿದಷ್ಟೂ ಮೋಟಾರು ಬೇಗ ನಿಲ್ಲುವದು, ಏಕೆಂದರೆ ತುಂಬಿದ ಟಾಕಿಯಲ್ಲಿ ಹಿಗ್ಗಲು ಗಾಳಿಯೇ ಇಲ್ಲ. ‘ಈಗ ತಾನೇ ಟಾಕಿ ತುಂಬಿಸಿದ್ದೇವೆ, ಇಂಧನದ ದೋಷವಿರಲಾರದು’ ಎಂಬ ವಾದವು ಈ ಕಾರಣದಿಂದಲೇ ತಲೆಕೆಳಗಾದದ್ದು.

ಇನ್ನೂ ಒಂದು ಮೋಸವಿದೆ. ನಿಂತ ಮೋಟಾರನ್ನು ಹತ್ತು ನಿಮಿಷ ಬಿಟ್ಟರೆ ಗಾಳಿಯು ಎಲ್ಲಿಂದಲೋ ನುಸುಳಿ ಟಾಕಿಯೊಳಗೆ ಹೋಗುವದು. ಮೋಟಾರು ಮತ್ತೆ ಹೊತ್ತುವದು. ನೋಡಿದವರು ‘ಕಾದು ನಿಂತಿತ್ತು, ಆರಿದ ಮೇಲೆ ನಡೆಯಿತು, ಆದ್ದರಿಂದ ವಿದ್ಯುತ್ತಿನ ಕಾಯಿಲು ಕೆಟ್ಟಿದೆ’ ಎಂದು ತೀರ್ಮಾನಿಸುವರು. ಸಾವಿರಾರು ರೂಪಾಯಿಯ ಕಾಯಿಲನ್ನು ತರಿಸುವರು. ಕಾಸಿನ ಖರ್ಚಿಲ್ಲದೆ ಇದನ್ನು ಬೇರ್ಪಡಿಸುವ ಉಪಾಯವಿದೆ: ಮೋಟಾರು ನಿಂತ ಕೂಡಲೆ, ಆರಲು ಬಿಡದೆ, ಟಾಕಿಯ ಮುಚ್ಚಳವನ್ನು ಸಡಿಲಿಸಬೇಕು. ‘ಹುಸ್ಸ್’ ಎಂದು ಗಾಳಿ ಒಳಗೆ ಹೋಗಿ ಬಲ್ಬು ಮತ್ತೆ ಉಬ್ಬಿ, ಬಿಸಿ ಬಿಸಿಯಾಗಿಯೇ ಮೋಟಾರು ಹೊತ್ತಿಕೊಂಡರೆ ಕಾಯಿಲು ನಿರಪರಾಧಿ.

ಮುಚ್ಚಳ ಸಡಿಲಿಸಿದರೂ ಬಲ್ಬು ಚಪ್ಪಟೆಯಾಗಿಯೇ ಇದ್ದರೆ ಟಾಕಿಯೊಳಗಿನ ಜಾಳಿಗೆಯೋ ಬಲ್ಬಿನ ಹಿಂದಿನ ನಳಿಗೆಯೋ ಕಟ್ಟಿದೆ. ಕೆಲವೊಮ್ಮೆ ದೋಣಿಯಲ್ಲಿ ಕುಳಿತವರೊಬ್ಬರು ನಳಿಗೆಯ ಮೇಲೆಯೇ ಕಾಲಿಟ್ಟಿರುವದೂ ಉಂಟು. ಬಲ್ಬು ಎಷ್ಟು ಹಿಚುಕಿದರೂ ಗಟ್ಟಿಯಾಗದೆ ಮೆತ್ತಗೆ ಉಳಿದರೆ ಎಲ್ಲಿಯೋ ಕೊಂಡಿಯಲ್ಲಿ ಗಾಳಿ ಸೇರುತ್ತಿದೆ, ಅಥವಾ ಬಲ್ಬಿನ ಕವಾಟವೇ ಸವೆದಿದೆ. ಬಲ್ಬು ಚಪ್ಪಟೆಯೂ ಆಗದೆ, ಮೋಟಾರು ಏದುತ್ತಿರುವಾಗ ಅದನ್ನು ಹಿಚುಕುತ್ತಿದ್ದರೆ ಮಾತ್ರ ಜೀವ ಹಿಡಿದಿದ್ದರೆ ಮೋಟಾರಿನ ಮೇಲಿನ ಇಂಧನ ಪಂಪಿನ ತೆಳುಪೊರೆಯನ್ನು ಬಿಚ್ಚಿ ನೋಡಬೇಕು. ಇವೆಲ್ಲಕ್ಕಿಂತ ಶೀಘ್ರವಾದ ಪರೀಕ್ಷೆ, ಇನ್ನೊಂದು ಒಳ್ಳೆಯ ಟಾಕಿಯನ್ನು ಅದರ ನಳಿಗೆಯ ಸಮೇತ ಜೋಡಿಸಿ ನಡೆಸುವದು. ರೋಗವು ಮಾಯವಾದರೆ ಅದು ಮೊದಲಿನ ಟಾಕಿ-ನಳಿಗೆಗಳಲ್ಲಿತ್ತು, ಉಳಿದರೆ ಮೋಟಾರಿನಲ್ಲಿದೆ. ಪ್ರತಿ ದೋಣಿಗೆ ಎರಡನೆಯ ಟಾಕಿ-ನಳಿಗೆಗಳನ್ನು ಕೊಡುವದು ದುಂದುವೆಚ್ಚವೆಂದು ಯಾವ ಲೆಕ್ಕತಪಾಸಣೆಯವರೂ ಬರೆಯಬಾರದು.

ಪೆಟ್ರೋಲಿನ ವಿಷಯವಾಗಿ ಎರಡು ಮಾತು. ಕಬ್ಬಿನಿಂದಲೂ ಕಾಳುಕಡಿಗಳಿಂದಲೂ ತೆಗೆದ ಇಥೆನಾಲನ್ನು ಪೆಟ್ರೋಲಿಗೆ ಬೆರೆಸುವ ಪ್ರಮಾಣವು ಭಾರತದಲ್ಲಿ ೨೦೨೨ರ ಹೊತ್ತಿಗೆ ನೂರಕ್ಕೆ ೧೦ನ್ನೂ ೨೦೨೫ರಲ್ಲಿ ನೂರಕ್ಕೆ ೨೦ನ್ನೂ ಮುಟ್ಟಿತು. ಆಳಂದ-ಅಫಜಲಪುರಗಳ ಕಬ್ಬು ಬೆಳೆಗಾರರ ನಾಡಿನವರಾದ ನಾವು ಇದಕ್ಕೆ ಬೇಸರಪಡುವವರಲ್ಲ. ಆದರೆ ದಿನವೂ ಓಡುವ ವಾಹನದ ಮಾತು ಬೇರೆ, ವರುಷಕ್ಕೊಮ್ಮೆ ಹೊತ್ತಿಸುವ ಮೋಟಾರಿನ ಮಾತು ಬೇರೆ. ಇಥೆನಾಲು ನೀರನ್ನು ಹೀರಿಕೊಳ್ಳುವ ಸ್ವಭಾವದ್ದು. ತಿಂಗಳುಗಟ್ಟಲೆ ಗೋದಾಮಿನಲ್ಲಿಟ್ಟ ಟಾಕಿಗೆ ತೇವ ಸೇರಿ ಮಿತಿ ಮೀರಿದರೆ ನೀರೂ ಇಥೆನಾಲೂ ಕೂಡಿ ಬೇರ್ಪಟ್ಟು ತಳಕ್ಕೆ ಇಳಿಯುವವು. ಇಂಧನವನ್ನು ಎಳೆಯುವ ಕೊಳವೆಯ ಬಾಯಿ ಇರುವದೂ ತಳದಲ್ಲಿಯೇ. ದೋಣಿ ಅಲುಗಿದಾಗ ಒಂದು ಗುಟುಕು ನೀರು, ಒಂದು ಗುಟುಕು ಪೆಟ್ರೋಲು. ಮೋಟಾರು ಬಿಟ್ಟು ಬಿಟ್ಟು ಕೆಮ್ಮುವದಕ್ಕೆ ಇದಕ್ಕಿಂತ ಹೆಚ್ಚಿನ ಕಾರಣ ಬೇಡ. ತಳದ ಪೆಟ್ರೋಲನ್ನು ಗಾಜಿನ ಸೀಸೆಗೆ ತೆಗೆದು ಸ್ವಲ್ಪ ಹೊತ್ತು ಇಟ್ಟರೆ ಎರಡು ಪದರುಗಳು ಕಣ್ಣಿಗೆ ಕಾಣುವವು. ಹಳೆಯ ಪೆಟ್ರೋಲು ಒಣಗಿ ಕಾರ್ಬುರೇಟರಿನ ಸೂಕ್ಷ್ಮ ರಂಧ್ರಗಳಲ್ಲಿ ಅಂಟು ಕಟ್ಟುವದೂ ಉಂಟು. ಅಂಥ ಮೋಟಾರು ನಿಧಾನಗತಿಯಲ್ಲಿ ನಿಲ್ಲುವದು, ವೇಗದಲ್ಲಿ ನಡೆಯುವದು. ಇದಕ್ಕೆ ಮದ್ದು ಒಂದೇ: ಕೆಲಸ ಮುಗಿದ ಮೇಲೆ ಕಾರ್ಬುರೇಟರನ್ನು ಬರಿದು ಮಾಡಿಡುವದು, ಹಳೆಯ ಪೆಟ್ರೋಲನ್ನು ಮುಂದಿನ ಮಳೆಗಾಲಕ್ಕೆ ಕಾಯ್ದಿಡದೆ ಇರುವದು.

ಇನ್ನು ಥಟ್ಟನೆ ನಿಲ್ಲುವ ಮೋಟಾರು. ಕೆಮ್ಮದೆ, ಏದದೆ, ಯಾರೋ ಕತ್ತರಿಸಿದಂತೆ ನಿಂತರೆ ಇಂಧನವನ್ನು ಬಿಟ್ಟು ಕಿಡಿಯ ಕಡೆಗೆ ನೋಡಬೇಕು. ಚಾಲಕನು ನೀರಿಗೆ ಬಿದ್ದರೆ ಮೋಟಾರು ತಾನಾಗಿ ನಿಲ್ಲಲೆಂದು ಅವನ ಕೈಗೋ ಅಂಗಿಗೋ ಕಟ್ಟುವ ಸುರುಳಿ ಹಗ್ಗವೊಂದುಂಟು. ಅದರ ತುದಿಯ ಕ್ಲಿಪ್ಪು ಮೋಟಾರಿನ ಸ್ವಿಚ್ಚಿಗೆ ಸಿಕ್ಕಿಕೊಂಡಿರುವದು. ಜೀವ ಉಳಿಸುವದಕ್ಕೆ ಇಟ್ಟ ಈ ಸಾಧನವೇ ಸವೆದಾಗ ಉಪದ್ರವ ಕೊಡುವದು. ಕ್ಲಿಪ್ಪು ಸಡಿಲಾಗಿ ತೆರೆಯ ಪೆಟ್ಟಿಗೆ ಜಾರುವದು. ಸ್ವಿಚ್ಚಿನೊಳಗೆ ತುಕ್ಕು ಹಿಡಿಯುವದು. ಅದರ ತಂತಿಯ ಹೊದಿಕೆ ಉಜ್ಜಿ ಹೋಗಿ ಲೋಹಕ್ಕೆ ತಾಗಿದಾಗಲೊಮ್ಮೆ ಕಿಡಿ ಸತ್ತುಹೋಗುವದು. ದಂಡೆಗೆ ಕಟ್ಟಿದ ದೋಣಿಯಲ್ಲಿ ಮೋಟಾರನ್ನು ನಿಧಾನಗತಿಯಲ್ಲಿಟ್ಟು ತಂತಿಗಳನ್ನು ಒಂದೊಂದಾಗಿ ಅಲುಗಿಸಿ ನೋಡಿದರೆ ಕಳ್ಳನು ಸಿಗುವನು. ಅನೇಕ ಸಣ್ಣ ಮೋಟಾರುಗಳಲ್ಲಿ ನಿಲ್ಲಿಸುವ ತಂತಿಯನ್ನು ಬಿಚ್ಚಿಟ್ಟು ನಡೆಸಿ ನೋಡುವ ಕ್ರಮವೂ ಉಂಟು; ಆಗ ರೋಗ ಹೋದರೆ ಸ್ವಿಚ್ಚಿನದೇ ದೋಷವೆಂದಾಗುವದು. ಆದರೆ ಹಾಗೆ ಬಿಚ್ಚಿದ ಮೋಟಾರನ್ನು ಇಂಧನ ಕಡಿದೋ ಚೋಕು ಎಳೆದೋ ನಿಲ್ಲಿಸಬೇಕಲ್ಲದೆ ಬೇರೆ ದಾರಿಯಿಲ್ಲ. ಇದು ದಂಡೆಯ ಪರೀಕ್ಷೆ ಮಾತ್ರ. ಸ್ವಿಚ್ಚು ಕಾಡುವದೆಂದು ಅದನ್ನು ಶಾಶ್ವತವಾಗಿ ಕಿತ್ತುಹಾಕಿ ಜನರನ್ನು ಹೇರಿಕೊಂಡು ಹೋಗುವ ಜಾಣತನವನ್ನು ಯಾರೂ ತೋರಿಸಕೂಡದು. ಚಾಲಕನಿಲ್ಲದ ದೋಣಿ ತಿರುಗುತ್ತ ಬಂದು, ಬಿದ್ದವನ ಮೇಲೆಯೇ ಪಂಕವನ್ನು ಹಾಯಿಸಬಲ್ಲದು.

ಸ್ವಿಚ್ಚು ಸರಿಯಿದ್ದು, ಇಂಧನವೂ ಸರಿಯಿದ್ದು, ಅರ್ಧ ತಾಸು ನಡೆದ ಮೇಲೆಯೇ ನಿಂತು, ಪೂರ್ತಿ ಆರಿದ ಮೇಲೆಯೇ ಹೊತ್ತುವ ಮೋಟಾರಿನಲ್ಲಿ ಮಾತ್ರ ಕಾಯಿಲಿನ ಮೇಲೆ ಆರೋಪ ಹೊರಿಸಬಹುದು. ಕಾಯಿಲಿನ ಒಳಸುತ್ತಿನ ತಂತಿ ಬಿಸಿಗೆ ಹಿಗ್ಗಿ ಬಿರುಕು ಬಿಡುವದು, ತಂಪಿಗೆ ಮತ್ತೆ ಕೂಡುವದು. ಇದನ್ನು ತಂಪಾಗಿರುವಾಗ ಪರೀಕ್ಷಿಸಿದರೆ ಏನೂ ಕಾಣದು. ನಿಂತ ಆ ಕ್ಷಣದಲ್ಲಿಯೇ ಕಿಡಿಯನ್ನು ನೋಡಬೇಕು, ಅದೂ ಪ್ಲಗ್ಗಿನ ತಂತಿಗೆ ಜೋಡಿಸುವ ಸಣ್ಣ ದೀಪದ ಸಾಧನದಿಂದ. ಪ್ಲಗ್ಗನ್ನು ಕಳಚಿ ಲೋಹಕ್ಕೆ ತಾಗಿಸಿ ಕಿಡಿ ಹಾರಿಸುವದು ಗ್ಯಾರೇಜಿನಲ್ಲಿ ನಡೆದೀತು. ಪೆಟ್ರೋಲಿನ ಆವಿ ತುಂಬಿದ ರಬ್ಬರಿನ ದೋಣಿಯಲ್ಲಿ ಅದು ಬೆಂಕಿಯೊಡನೆ ಆಟ.

ನೀರಿನಿಂದ ತಣ್ಣಗಾಗುವ ಯಂತ್ರವಾದ್ದರಿಂದ ಇದಕ್ಕೆ ಇನ್ನೊಂದು ದೌರ್ಬಲ್ಯವುಂಟು. ತೋಟದಲ್ಲಿ ಪಂಪಿನ ಎಂಜಿನನ್ನು ಪಳಗಿಸಿದ ನಮ್ಮ ಕೆಂಬಾಳೆಯ ರೈತರಿಗೆ ಇಂಧನ-ಕಿಡಿಗಳ ಮೇಲಿನ ವಿವರವೆಲ್ಲ ಹಳೆಯ ಪರಿಚಯದಂತೆ ತೋರೀತು. ಇದೊಂದು ಮಾತ್ರ ಹೊಸದು. ಮೋಟಾರಿನ ಕಾಲಿನಲ್ಲಿರುವ ರಬ್ಬರಿನ ರೆಕ್ಕೆಯ ಇಂಪೆಲ್ಲರ್ ಎಂಬದು ನದಿಯ ನೀರನ್ನೇ ಮೇಲಕ್ಕೆತ್ತಿ ಎಂಜಿನನ್ನು ತಣಿಸುವದು. ಆ ನೀರಿನ ಒಂದು ಸಣ್ಣ ಧಾರೆ ಹಿಂಬದಿಯಿಂದ ಹೊರಗೆ ಚಿಮ್ಮುತ್ತಿರುವದು. ಚಾಲಕನು ಅಡಿಗಡಿಗೆ ತಿರುಗಿ ನೋಡಬೇಕಾದದ್ದು ಈ ಧಾರೆಯನ್ನು. ಮಹಾಪೂರದ ನೀರೆಂದರೆ ತಿಳಿನೀರಲ್ಲ. ಕರಿಮಣ್ಣಿನ ಕೆಸರು, ಜೋಳದ ಕಣಿಕೆ, ಪ್ಲಾಸ್ಟಿಕಿನ ಚೀಲ ಎಲ್ಲವೂ ಅದರಲ್ಲಿ. ಒಳಹೋಗುವ ಜಾಳಿಗೆ ಮುಚ್ಚಿತೆಂದರೆ ಧಾರೆ ನಿಲ್ಲುವದು, ಮೋಟಾರು ಕಾಯುವದು. ಹೊಸ ಮೋಟಾರುಗಳು ಕೂಗಿ ಎಚ್ಚರಿಸಿ ತಾವಾಗಿ ವೇಗ ತಗ್ಗಿಸುವವು. ಹಳೆಯವು ಹೇಳದೆ ಕೇಳದೆ ಸುಟ್ಟುಕೊಳ್ಳುವವು.

ಈ ರಬ್ಬರಿನ ರೆಕ್ಕೆಗಳಿಗೆ ನೀರೇ ಎಣ್ಣೆ. ನೀರಿಲ್ಲದೆ ತಿರುಗಿಸಿದರೆ ಸ್ವಲ್ಪ ಹೊತ್ತಿನಲ್ಲಿಯೇ ಅವು ಉಜ್ಜಿ ಹರಿಯುವವು. ಈಗ ವಾಚಕರು ‘ಚಾಲೂ ಸ್ಥಿತಿಯಲ್ಲಿದೆ’ ಎಂಬ ಷರಾ ಹೇಗೆ ಬೀಳುವದೆಂಬದನ್ನು ಆಲೋಚಿಸಬೇಕು. ಮಳೆಗಾಲದ ಮುಂಚೆ ತಪಾಸಣೆಯ ದಿನ ಮೋಟಾರನ್ನು ಗೋದಾಮಿನಿಂದ ತಂದು ಅಂಗಳದಲ್ಲಿ ಕಟ್ಟಿಗೆಯ ಅಡ್ಡೆಗೆ ನಿಲ್ಲಿಸಿ, ಅಧಿಕಾರಿಗಳ ಎದುರಿಗೆ ಹಗ್ಗ ಎಳೆದು, ಒಣಗಿಯೇ ನಿಮಿಷ ಹೊತ್ತು ಗರ್ಜಿಸಲು ಬಿಟ್ಟು ಛಾಯಾಚಿತ್ರ ತೆಗೆಯುವ ಪದ್ಧತಿ ಎಲ್ಲಿಯಾದರೂ ಇದ್ದರೆ, ಅಲ್ಲಿ ತಪಾಸಣೆಯೇ ಯಂತ್ರವನ್ನು ಕೆಡಿಸುವದು. ನೀರು ತುಂಬಿದ ಪೀಪಾಯಿಯಲ್ಲಿ ನಿಲ್ಲಿಸಿ ಹೊತ್ತಿಸಿದರೆ ಇಂಪೆಲ್ಲರು ಉಳಿಯುವದೇನೋ ನಿಜ. ಆದರೆ ನಾವು ಮೇಲೆ ಹೇಳಿದ ಒಂದು ದೋಷವೂ ಅಲ್ಲಿ ಬಯಲಾಗದು. ಭಾರವಿಲ್ಲದೆ ನಿಧಾನವಾಗಿ ತಿರುಗುವ ಮೋಟಾರಿಗೆ ಬೇಕಾಗುವ ಪೆಟ್ರೋಲು, ಜನ ತುಂಬಿದ ದೋಣಿಯನ್ನು ಸೆಳವಿಗೆ ಎದುರಾಗಿ ಒಯ್ಯುವಾಗ ಬೇಕಾಗುವದರ ಒಂದು ಸಣ್ಣ ಪಾಲು. ಅರ್ಧ ಕಟ್ಟಿದ ಜಾಳಿಗೆಯಿಂದಲೂ ಅಷ್ಟು ಬಂದೀತು. ಮುಚ್ಚಿದ ತಿರುಪು ಐದು ನಿಮಿಷದಲ್ಲಿ ತೊಂದರೆ ಕೊಡಲಿಕ್ಕಿಲ್ಲ. ಕಾಯಿಲು ಕಾಯುವಷ್ಟು ಹೊತ್ತೇ ಆಗಿರುವದಿಲ್ಲ. ತೆರೆಯಿಲ್ಲದ ಪೀಪಾಯಿಯಲ್ಲಿ ತಂತಿ ಅಲುಗುವದೂ ಇಲ್ಲ.

ಕಮಲಾಪುರ ತಾಲೂಕಿನಲ್ಲಿಯೇ ಬೆಳಕೋಟಾದ ಹತ್ತಿರ ಗಂಡೋರಿ ನಾಲೆಯ ಜಲಾಶಯವಿದೆ. ನೀರಾವರಿ ಇಲಾಖೆಯ ಅನುಮತಿಯಿಂದ ಜಿಲ್ಲೆಯ ಮೋಟಾರುಗಳನ್ನೆಲ್ಲ ಅಲ್ಲಿಗೆ ಒಯ್ದು, ಜನರ ಬದಲಿಗೆ ಮರಳಿನ ಚೀಲಗಳನ್ನು ಹೇರಿ, ಒಂದೊಂದನ್ನೂ ಕಡಮೆಯೆಂದರೆ ಮುಕ್ಕಾಲು ತಾಸು, ಅದರಲ್ಲಿ ಬಹುಭಾಗ ಪೂರ್ಣವೇಗದಲ್ಲಿ ನಡೆಸಿ ನೋಡುವದಕ್ಕೆ ಏನು ಅಡ್ಡಿ? ಇನ್ನೊಂದು ದೋಣಿ ಜೊತೆಗಿರಬೇಕು. ಚಾಲಕನೂ ಜೊತೆಗಾರನೂ ಜೀವರಕ್ಷಕ ಅಂಗಿ ತೊಟ್ಟಿರಬೇಕು. ಮೃಗಶಿರಾ ಮಳೆ ಹೂಡುವ ಜೂನ ತಿಂಗಳ ಮೊದಲ ವಾರಕ್ಕೆ ಮುಂಚೆ ಇದು ಮುಗಿದರೆ ಬಿಡಿಭಾಗಗಳನ್ನು ಹೈದರಾಬಾದದಿಂದಲೋ ಮುಂಬಯಿಯಿಂದಲೋ ತರಿಸಲು ಕಾಲವಿರುವದು. ನದಿ ಉಕ್ಕಿದ ಮೇಲೆ ಇಂಪೆಲ್ಲರಿಗೆ ಬೇಡಿಕೆಪತ್ರ ಬರೆದರೆ ಅದು ಬರುವ ಹೊತ್ತಿಗೆ ನದಿ ಇಳಿದಿರುವದು.

ದಾಖಲೆಯ ರೀತಿಯೂ ಬದಲಾಗಬೇಕು. ‘ಚಾಲೂ’, ‘ಬಂದ್’ ಎಂಬ ಎರಡೇ ಮನೆಗಳ ತಖ್ತೆಯಲ್ಲಿ ಆಗಾಗ ನಿಲ್ಲುವ ಮೋಟಾರಿಗೆ ಜಾಗವೇ ಇಲ್ಲ. ಅದನ್ನು ನಡೆಸುವ ಸಿಬ್ಬಂದಿಗೆ ಮಾತ್ರ ಅದರ ಗುಣ ಗೊತ್ತು. ಆತನು ‘ಸಾಹೇಬರೇ, ಇದು ನಡುವೆ ಕೈಕೊಡುವದು’ ಎಂದು ಬಾಯಿಮಾತಿನಲ್ಲಿ ಹೇಳಿದರೆ, ಅಂಗಳದಲ್ಲಿ ಹೊತ್ತಿಸಿ ತೋರಿಸಿ ಅವನ ಬಾಯಿ ಮುಚ್ಚಿಸುವದು ಸುಲಭ. ಮುಂದೆ ವರ್ಗವಾಗಿ ಆತನು ಹೋದರೆ ಆ ಅರಿವೂ ಅವನೊಡನೆ ಹೋಗುವದು. ಆದ್ದರಿಂದ ಪ್ರತಿ ಮೋಟಾರಿಗೆ ಒಂದು ಸಣ್ಣ ವಹಿಯನ್ನು ಇಟ್ಟು, ಅದು ನಿಂತಾಗಲೆಲ್ಲ ತಾರೀಖು, ನಡೆದ ನಿಮಿಷ, ವೇಗ, ಥಟ್ಟನೆಯೋ ಏದುತ್ತಲೋ, ಬಲ್ಬಿನ ಸ್ಥಿತಿ, ನೀರಿನ ಧಾರೆ, ಮತ್ತೆ ಹೊತ್ತಿದ್ದು ಯಾವಾಗ ಎಂಬಷ್ಟನ್ನು ಅವನಿಂದಲೇ ಬರೆಯಿಸಬೇಕು. ಏಳು ಕಲಮುಗಳ ಕೆಲಸ, ಪೆನ್ಸಿಲಿದ್ದರೆ ಸಾಕು. ಇಂಥ ಮೂರು ಸಾಲುಗಳನ್ನು ಓದಿದ ಜಾಣ ಮೆಕ್ಯಾನಿಕನು ಮೋಟಾರಿನ ಮುಚ್ಚಳ ತೆಗೆಯುವ ಮುಂಚೆಯೇ ದೋಷವು ಟಾಕಿಯಲ್ಲಿದೆಯೋ ತಂತಿಯಲ್ಲಿದೆಯೋ ಹೇಳಬಲ್ಲನು.

ಎಷ್ಟು ನೋಡಿದರೂ ಯಂತ್ರವು ಯಂತ್ರವೇ. ಆದ್ದರಿಂದ ಮೋಟಾರಿನ ದೋಣಿಯಲ್ಲಿಯೂ ಎರಡು ಹುಟ್ಟು, ಉದ್ದನ್ನ ಹಗ್ಗದ ಲಂಗರು, ಸ್ವಿಚ್ಚಿನ ಇನ್ನೊಂದು ಕ್ಲಿಪ್ಪು, ಎರಡು ಪ್ಲಗ್ಗುಗಳು, ಪ್ಲಗ್ಗಿನ ಪಾನಾ ಇವಿಷ್ಟು ಇರತಕ್ಕದ್ದು. ನಡುನೀರಿನಲ್ಲಿ ಮೋಟಾರು ನಿಂತರೆ ಚಾಲಕನು ಮೊದಲು ಹಗ್ಗ ಎಳೆಯಲು ಹೋಗಬಾರದು. ಮೊದಲು ಲಂಗರು ಬಿಡಬೇಕು, ಅದೂ ದೋಣಿಯ ಮುಂಬದಿಯಿಂದ, ಹಿಂಬದಿಯಿಂದ ಬಿಟ್ಟರೆ ಸೆಳವು ನೀರನ್ನು ಒಳಗೆ ನುಗ್ಗಿಸುವದು. ದೋಣಿ ನೆಲೆ ನಿಂತ ಮೇಲೆ ಕ್ಲಿಪ್ಪು, ಮುಚ್ಚಳದ ತಿರುಪು, ಬಲ್ಬು, ಈ ಕ್ರಮದಲ್ಲಿ ಕೈಯಾಡಿಸಬೇಕು. ಮೂರಕ್ಕೂ ಕೂಡಿ ಅರ್ಧ ನಿಮಿಷ ಬೇಕಾಗಲಿಕ್ಕಿಲ್ಲ.